ಹೊಸ ಬಡಾವಣೆಯ ಹಳೆಯ ಜ್ವರಗಳು

2024ರ ಜುಲೈ ತಿಂಗಳ ಒಂದು ಮುಂಜಾನೆ ಕೆಂಗೇರಿ ಉಪನಗರದಲ್ಲಿರುವ ನನ್ನ ಮಗಳಿಂದ ದೂರವಾಣಿ ಕರೆ ಬಂದಿತು. ಮೊಮ್ಮಗಳಿಗೆ ಮೂರು ದಿನಗಳಿಂದ ಜ್ವರವೆಂದೂ, ರಕ್ತಪರೀಕ್ಷೆಯಲ್ಲಿ ಡೆಂಗಿ ಎಂದು ತಿಳಿದುಬಂದಿದೆಯೆಂದೂ ಹೇಳಿದಳು. ಬಂಧುಗಳು ಈಗ ಗಾಬರಿಪಡಬೇಕಾಗಿಲ್ಲ. ಮಗು ಹತ್ತು ದಿನಗಳಲ್ಲಿ ಚೇತರಿಸಿಕೊಂಡು ಶಾಲೆಗೆ ಹೋಯಿತು. ನಾನು ಹೇಳಹೊರಟಿರುವುದು ಆ ವಾರ ಮನೆಗೆ ಬಂದಿದ್ದ ಆಶಾ ಕಾರ್ಯಕರ್ತೆಯೊಬ್ಬಳ ಮಾತನ್ನು. ಆ ಹೆಣ್ಣುಮಗಳು ಸಂಪಿನ ಮುಚ್ಚಳ ತೆಗೆಸಿ, ಟಾರ್ಚಿನ ಬೆಳಕು ಬಿಟ್ಟು, ನನ್ನನ್ನು ಹತ್ತಿರ ಕರೆದು ತೋರಿಸಿದಳು. ತಿಳಿಯಾದ ನೀರು. ಅದರಲ್ಲಿ ದಾರದ ತುಣುಕುಗಳಂತಹ ಮರಿಗಳು ಮೇಲಕ್ಕೂ ಕೆಳಕ್ಕೂ ಕುಣಿಯುತ್ತಿದ್ದವು.

"ನೋಡಿ ತಾತ, ಸೊಳ್ಳೆ ಎಲ್ಲಿಂದಲೋ ಹಾರ್ಕೊಂಡು ಬರಲ್ಲ. ನಾವೇ ಮನೇಲಿ ಸಾಕ್ತಾ ಇರ್ತೀವಿ" ಎಂದಳು.

ನಾನು 36 ವರ್ಷ ಚರಿತ್ರೆಯ ಪಾಠ ಹೇಳಿದವನು. ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು: ಶ್ರೀರಂಗಪಟ್ಟಣದ ಪಾಠವನ್ನು ನಾನು ಎರಡು ದಿನ ಎಳೆಯುತ್ತಿದ್ದೆ. ಕೋಟೆಯ ನಕ್ಷೆಯನ್ನು ಕರಿಹಲಗೆಯ ಮೇಲೆ ಬರೆದು, ಗೋಡೆ ಬಿರುಕುಬಿಟ್ಟ ಜಾಗಕ್ಕೆ ಕೆಂಪು ಸೀಮೆಸುಣ್ಣದ ಗುರುತು ಹಾಕಿ, 1799ರ ಮೇ 4ರ ಮಧ್ಯಾಹ್ನಕ್ಕೆ ಪಾಠವನ್ನು ನಿಲ್ಲಿಸುತ್ತಿದ್ದೆ. ಅಲ್ಲಿಗೆ ಅಧ್ಯಾಯ ಮುಗಿಯಿತು ಎಂಬುದು ನನ್ನ ಭಾವನೆಯಾಗಿತ್ತು. ಗೆದ್ದವರು ಆ ಕೋಟೆಯೊಳಗೆ ವಾಸಮಾಡಲು ತೊಡಗಿದ ಮೇಲೆ ಅವರಿಗೆ ಏನಾಯಿತು ಎಂದು ಒಬ್ಬ ವಿದ್ಯಾರ್ಥಿಯೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಜ್ವರದ ವಿಷಯವಾಗಿ 36 ವರ್ಷಗಳಲ್ಲಿ ನಾನು ಒಂದು ವಾಕ್ಯವನ್ನಾದರೂ ಹೇಳಿದ್ದು ನೆನಪಿಲ್ಲ. ನಮ್ಮ ಮನೆಯ ಚರಿತ್ರೆಯೋ ಜ್ವರದಿಂದಲೇ ತುಂಬಿದ್ದಿತು. ಆ ಬಾಕಿಯನ್ನು ಈಗ ತೀರಿಸುತ್ತಿದ್ದೇನೆ.

ಗೆದ್ದವರಿಗೆ ಆದದ್ದು ಇಷ್ಟೆ. ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟ ಕಂಪನಿಯ ಸೈನ್ಯವನ್ನು ಟಿಪ್ಪುವಿನ ಫಿರಂಗಿಗಳಿಗಿಂತ ಹೆಚ್ಚಾಗಿ ಕಾಡಿದ್ದು ಅಲ್ಲಿನ ಚಳಿಜ್ವರ. ಸುತ್ತಲೂ ಕಾವೇರಿ, ಅದರಾಚೆ ಗದ್ದೆ, ಗದ್ದೆಗೆ ನಾಲೆ. ಹದಿನೇಳನೆಯ ಶತಮಾನದಲ್ಲಿಯೇ ಬಂಗಾರದೊಡ್ಡಿ ನಾಲೆಯ ಮೂಲಕ ನದಿಯ ನೀರನ್ನು ದ್ವೀಪದೊಳಕ್ಕೆ ತಂದಿದ್ದ ಊರದು. ಅಂದಿನ ವೈದ್ಯರು ಜವುಗು ನೆಲದಿಂದ ಏಳುವ ಕೆಟ್ಟ ಗಾಳಿಯೇ ಜ್ವರಕ್ಕೆ ಕಾರಣವೆಂದು ನಂಬಿದ್ದರು. ಮಲೇರಿಯಾ ಎಂಬ ಇಟಲಿಯ ಮಾತಿಗೆ ಅರ್ಥವೇ ಕೆಟ್ಟ ಗಾಳಿ. ಗಾಳಿ ಕೆಟ್ಟಿದ್ದರೆ ಒಳ್ಳೆಯ ಗಾಳಿಯಿರುವ ಎತ್ತರದ ಜಾಗಕ್ಕೆ ಹೋಗಬೇಕಷ್ಟೆ. 1809ರಲ್ಲಿ ಸೈನ್ಯದ ಠಾಣ್ಯ ಬೆಂಗಳೂರಿಗೆ ಬಂದಿತು, ಹಲಸೂರಿನ ಕಡೆ ದಂಡು ಹುಟ್ಟಿತು. ನಮ್ಮ ನಗರದ ಅರ್ಧಭಾಗ, ಎಂದರೆ ಕಂಟೋನ್ಮೆಂಟು, ಹುಟ್ಟಿದ್ದು ಜ್ವರಕ್ಕೆ ಬೆದರಿದವರಿಂದ.

ಆ ದಂಡಿನಲ್ಲಿಯೇ 1883ರಲ್ಲಿ ರೊನಾಲ್ಡ್ ರಾಸ್ ಎಂಬ ಇಪ್ಪತ್ತಾರು ವರ್ಷದ ಸೈನ್ಯದ ವೈದ್ಯನೊಬ್ಬನು ಕೆಲಕಾಲ ಇದ್ದನು. ಅವನ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ಬಹಳ. ಕಿಟಕಿಯ ಹೊರಗೆ ನೀರು ತುಂಬಿದ ತೊಟ್ಟಿಯಲ್ಲಿ ಮರಿಗಳನ್ನು ಕಂಡು ಅದನ್ನು ಬೋರಲು ಹಾಕಿಸಿದನು, ಕಾಟ ತಗ್ಗಿತು. ಜ್ವರಕ್ಕೂ ಸೊಳ್ಳೆಗೂ ಸಂಬಂಧವಿದೆಯೆಂಬುದು ಅವನಿಗೆ ಆಗ ತಿಳಿದಿರಲಿಲ್ಲ. 1895ರಲ್ಲಿ ಕಾಲರಾ ಹತೋಟಿಗೆಂದು ಮತ್ತೊಮ್ಮೆ ಬೆಂಗಳೂರಿಗೆ ಬಂದುಹೋದ ಈತನೇ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಜೀವಿಯನ್ನು ಕಂಡವನು. 1902ರಲ್ಲಿ ನೊಬೆಲ್ ಪಾರಿತೋಷಕ ಪಡೆದವನು. ಬೆಂಗಳೂರಿನ ಆ ತೊಟ್ಟಿ ಎಲ್ಲಿತ್ತೆಂದು ಗುರುತು ಹಚ್ಚಿ ಒಂದು ಕಲ್ಲು ನೆಡುವುದಕ್ಕೆ ಯಾರಿಗೂ ತೋಚಿಲ್ಲ. ಇರಲಿ.

ಇನ್ನು ಅಜ್ಜಿಯ ವಿಷಯ. ನನ್ನ ತಂದೆಯ ತಾಯಿಯ ತವರು ಬೆಂಗಳೂರಿನ ಅರಳೆಪೇಟೆ. 1898ರಲ್ಲಿ ಆಕೆಗೆ ಎಂಟು ವರ್ಷ. 1896ರಲ್ಲಿ ಮುಂಬಯಿಯನ್ನು ಹೊಕ್ಕ ಪ್ಲೇಗು ರೈಲುದಾರಿ ಹಿಡಿದು ಹುಬ್ಬಳ್ಳಿಯ ಕಡೆಯಿಂದ 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಸೇರಿತು. ಅಜ್ಜಿ ಆ ಕಾಲವನ್ನು "ಇಲಿ ಬಿದ್ದ ವರ್ಷ" ಎನ್ನುತ್ತಿದ್ದಳು. ಅಟ್ಟದಿಂದ ಇಲಿ ಸತ್ತು ಬಿದ್ದರೆ ಆ ಮನೆಯವರು ಅಂದೇ ಮನೆ ಬಿಡಬೇಕು; ಬೀದಿಯಲ್ಲಿ ನಾಲ್ಕು ಕಡೆ ಇಲಿ ಬಿದ್ದರೆ ಬೀದಿಯೇ ಖಾಲಿ. ಇವರ ಮನೆಯಲ್ಲಿ ಬಿದ್ದದ್ದು ದೇವರ ಮನೆಯ ಮುಂದೆಯಂತೆ. ಎತ್ತಿನಗಾಡಿಯಲ್ಲಿ ಪಾತ್ರೆ, ಹಾಸಿಗೆ, ರಾಗಿಯ ಚೀಲಗಳನ್ನು ಹೇರಿಕೊಂಡು ಪೇಟೆಯ ಪಶ್ಚಿಮದ ಹೊಲಗಳಲ್ಲಿ ತೆಂಗಿನ ಗರಿಯ ಗುಡಿಸಲು ಹಾಕಿ ಕುಳಿತರು. ನಾಲ್ಕನೆಯ ದಿನ ಅವಳ ಚಿಕ್ಕಪ್ಪನಿಗೆ ತೊಡೆಯ ಸಂದಿಯಲ್ಲಿ ಗಡ್ಡೆ ಎದ್ದಿತು. ಏಳನೆಯ ದಿನ ಅವರು ಹೋದರು. ಅಜ್ಜಿಗೆ ಕಡೆಯವರೆಗೂ ಒಂದು ಪ್ರಶ್ನೆ ಉಳಿದಿತ್ತು: "ಇಲಿ ಬಿದ್ದ ಮನೇನ ಬಿಟ್ಟೇ ಬಂದ್ವಲ್ಲ, ಅದು ನಮ್ಮ ಹಿಂದೆ ಹೆಂಗೆ ಬಂತು?"

ಅದಕ್ಕೆ ಉತ್ತರ ಅದೇ ವರ್ಷ ಕರಾಚಿಯಲ್ಲಿ ದೊರೆತಿತ್ತು. ಪಾಲ್ ಲೂಯಿ ಸಿಮೊಂ ಎಂಬ ಫ್ರೆಂಚ್ ವೈದ್ಯನು ಇಲಿಯ ಮೈಮೇಲಿನ ಚಿಗಟವೇ ಪ್ಲೇಗನ್ನು ದಾಟಿಸುತ್ತದೆಂದು 1898ರಲ್ಲಿ ತೋರಿಸಿದನು. ಲೋಕ ಅದನ್ನು ಒಪ್ಪಲು ವರ್ಷಗಳೇ ಬೇಕಾದವು. ಇಲಿ ಸತ್ತು ಮೈ ತಣ್ಣಗಾದೊಡನೆ ಚಿಗಟಗಳು ಬೇರೆ ಬಿಸಿರಕ್ತವನ್ನು ಹುಡುಕಿಕೊಂಡು ಹೊರಡುತ್ತವೆ. ಹಾಸಿಗೆಯ ಮಡಿಕೆಯಲ್ಲಿ, ರಾಗಿಯ ಚೀಲದ ಸಂದಿನಲ್ಲಿ ಗಾಡಿಯೇರಿ ಗುಡಿಸಲಿಗೆ ಬಂದಿರಬೇಕು. ಅಜ್ಜಿ ಬದುಕಿದ್ದಾಗ ನನಗೆ ಇದು ತಿಳಿದಿರಲಿಲ್ಲ. ತಿಳಿದಿದ್ದರೂ ಹೇಳುತ್ತಿದ್ದೆನೋ ಇಲ್ಲವೋ.

ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳ ಆಲೋಚನೆ ಪ್ಲೇಗಿಗಿಂತ ಮುಂಚೆಯೇ ಇದ್ದರೂ ಜನ ಅಲ್ಲಿಗೆ ಅವಸರದಿಂದ ಹೋಗುವಂತೆ ಮಾಡಿದ್ದು ಈ ರೋಗವೇ. ಮನೆಯ ಸುತ್ತ ಬಯಲು ಬಿಡಬೇಕು, ಕಿಟಕಿಗಳು ದೊಡ್ಡದಿರಬೇಕು, ಹಿಂಭಾಗದಲ್ಲಿ ಕಸ ತೆಗೆಯುವವರು ಓಡಾಡಲು ಕನ್ಸರ್ವೆನ್ಸಿ ಓಣಿ ಇರಬೇಕು ಎಂಬ ಕಟ್ಟುಪಾಡುಗಳಲ್ಲಿ ಆ ಕಾಲದ ಭಯವನ್ನು ಈಗಲೂ ಓದಬಹುದು. ಮಲ್ಲೇಶ್ವರದ ನಮ್ಮ ನೆಂಟರಿಗೆ ಈ ಮಾತು ಹಿಡಿಸುವುದಿಲ್ಲ. ತಮ್ಮ ಬಡಾವಣೆ ಸಂಪಿಗೆ ಮರಗಳಿಗಾಗಿಯೇ ಹುಟ್ಟಿತೆಂದು ಅವರ ನಂಬಿಕೆ. 1903ರಲ್ಲಿ ಮೈಸೂರು ನಗರದ ಸುಧಾರಣೆಗೆಂದು ಟ್ರಸ್ಟ್ ಬೋರ್ಡು ಸ್ಥಾಪನೆಯಾದದ್ದರ ಹಿಂದೆಯೂ ಪ್ಲೇಗಿನ ನೆರಳಿದೆ. ಅಂತಹ ಬೋರ್ಡು ಬೆಂಗಳೂರಿಗೆ ಬಂದದ್ದು 1945ರಲ್ಲಿ.

ಅಜ್ಜಿ ಮಂಡ್ಯದ ಬಳಿಯ ಒಂದು ಹಳ್ಳಿಗೆ ಸೊಸೆಯಾಗಿ ಹೋದಳು. ಅದು ರಾಗಿ, ಹುರುಳಿ ಬೆಳೆಯುವ ಒಣಭೂಮಿ. ತಾತನನ್ನು ನಾನು ಕಂಡಿಲ್ಲ. ಅವರ ತಂದೆ ಧಾತು ಈಶ್ವರದ ಬರವನ್ನು ಕಂಡವರು. 1876ರಿಂದ 1878ರವರೆಗಿನ ಆ ಬರದಲ್ಲಿ ಮೈಸೂರು ಸಂಸ್ಥಾನ ಸುಮಾರು 10 ಲಕ್ಷ ಜನರನ್ನು ಕಳೆದುಕೊಂಡಿತು. 1871ರಲ್ಲಿ 50 ಲಕ್ಷವಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಆ ಮನೆಯಲ್ಲಿ ಹುಟ್ಟಿದವರಿಗೆ ನೀರೆಂದರೆ ದೇವರು. ಆದ್ದರಿಂದ 1930ರ ದಶಕದ ಆರಂಭದಲ್ಲಿ ಕನ್ನಂಬಾಡಿಯ ನೀರು ಹುಲಿಕೆರೆಯ ಸುರಂಗವನ್ನು ಹಾದು ಇರ್ವಿನ್ ನಾಲೆಯಲ್ಲಿ ಹರಿದುಬಂದಾಗ (ಮುಂದೆ ಅದಕ್ಕೆ ವಿಶ್ವೇಶ್ವರಯ್ಯ ನಾಲೆ ಎಂದು ಹೆಸರಾಯಿತು) ಊರಿನವರು ತಮಟೆ ಬಾರಿಸಿ, ನೀರಿಗೆ ಅರಿಸಿನ ಕುಂಕುಮ ಹಾಕಿ ಬರಮಾಡಿಕೊಂಡರಂತೆ. ಲಕ್ಷಕ್ಕೂ ಹೆಚ್ಚು ಎಕರೆಗೆ ನೀರುಣಿಸಲೆಂದು ತೆಗೆದ ನಾಲೆಯದು. ಕಬ್ಬು ಬಂತು, ಭತ್ತ ಬಂತು, ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂತು, ಬೇರೆ ಸೀಮೆಗಳಿಂದ ಗೇಣಿಗೆ, ಕೂಲಿಗೆ ಜನ ಬಂದರು. 1939ರಲ್ಲಿ ಮಂಡ್ಯ ಜಿಲ್ಲೆಯೇ ಆಯಿತು.

ನೀರಿನೊಡನೆ ಜ್ವರವೂ ಬಂದಿತು. ಅದು ಗಾಳಿಯಿಂದ ಬಂದದ್ದಲ್ಲ. ಅನಾಫಿಲಿಸ್ ಕ್ಯುಲಿಸಿಫೇಸಿಸ್ ಎಂಬ ಜಾತಿಯ ಸೊಳ್ಳೆಗೆ ಕೊಳಚೆ ಹಿಡಿಸುವುದಿಲ್ಲ. ಬಿಸಿಲು ಬೀಳುವ ತಿಳಿನೀರು ಬೇಕು. ನಾಲೆಯ ಏರಿಯಿಂದ ಜಿನುಗಿ ನಿಂತ ನೀರು, ಮಣ್ಣು ತೆಗೆದ ಗುಂಡಿಗಳು, ಹೊಸದಾಗಿ ನಾಟಿ ಮಾಡಿದ ಗದ್ದೆ, ಕಾಲುವೆಯ ಬದಿಯಲ್ಲಿ ಎತ್ತಿನ ಗೊರಸು ಮೂಡಿಸಿದ ಗುಳಿ, ಎಲ್ಲವೂ ಅದಕ್ಕೆ ತೊಟ್ಟಿಲು. ಹಗಲು ದನದ ಕೊಟ್ಟಿಗೆಯ, ಮನೆಯ ಕತ್ತಲೆಯ ಗೋಡೆಯ ಮೇಲೆ ಕುಳಿತು ಕಾಲ ಕಳೆಯುತ್ತದೆ. ನಮ್ಮ ಸೀಮೆಯ ಹಟ್ಟಿಮನೆಗಳಲ್ಲಿ ದನಗಳೂ ಜನರೂ ಒಂದೇ ಸೂರಿನಡಿ. ಸೊಳ್ಳೆಗೆ ಅದಕ್ಕಿಂತ ಅನುಕೂಲವಾದ ಮನೆಯನ್ನು ಕಟ್ಟಿಕೊಡಲು ಸಾಧ್ಯವಿರಲಿಲ್ಲ.

ಅಜ್ಜಿ ಹೇಳುತ್ತಿದ್ದ ಪ್ರಕಾರ ಕಾರ್ತಿಕ ಮಾಸ ಬಂತೆಂದರೆ ಪ್ರತಿ ಮನೆಯಲ್ಲೂ ಇಬ್ಬರು ಮೂವರು ಕಂಬಳಿ ಹೊದ್ದು ನಡುಗುತ್ತಿದ್ದರು. ಈ ಜ್ವರಕ್ಕೆ ಲೆಕ್ಕವಿತ್ತು: ಒಂದು ದಿನ ಬರುವುದು, ಒಂದು ದಿನ ಬಿಡುವುದು. ಬಿಟ್ಟ ದಿನ ಎದ್ದು ಗದ್ದೆಗೆ ಹೋಗುವುದು, ಬರುವ ದಿನ ಮಲಗುವುದು. ಕೆಲವರು ತಮ್ಮ ಜ್ವರದ ದಿನ ನೋಡಿಕೊಂಡೇ ಸಂತೆಗೆ ಹೋಗುತ್ತಿದ್ದರಂತೆ. ಮಕ್ಕಳ ಕೈಕಾಲು ಸಣ್ಣಗಾಗಿ ಹೊಟ್ಟೆಯ ಎಡಭಾಗದಲ್ಲಿ ಗುಲ್ಮ ಊದಿಕೊಂಡು ಗಟ್ಟಿಯಾಗುತ್ತಿತ್ತು. ಅದಕ್ಕೆ ಜ್ವರಗಡ್ಡೆ ಎಂದು ಹೆಸರು. ನನ್ನ ತಂದೆಯ ಇಬ್ಬರು ತಂಗಿಯರು, ಒಬ್ಬಳಿಗೆ ಹದಿಮೂರು, ಇನ್ನೊಬ್ಬಳಿಗೆ ಹತ್ತು ವರ್ಷ, ಒಂದೇ ಚಳಿಗಾಲದಲ್ಲಿ ತೀರಿಕೊಂಡರು. ನಮ್ಮ ವಂಶವೃಕ್ಷವನ್ನು ಬರೆದಿಟ್ಟಿರುವ ದಾಯಾದಿಗಳು ಆ ಇಬ್ಬರು ಹೆಣ್ಣುಮಕ್ಕಳನ್ನು ಸೇರಿಸಿಲ್ಲ. ಮುಂದಿನ ಪ್ರತಿಯಲ್ಲಿ ದಯವಿಟ್ಟು ಸೇರಿಸಿರಿ.

ಅಷ್ಟಾದರೂ ತಾತ ನಾಲೆಯನ್ನು ದೂರುವ ಒಂದು ಮಾತನ್ನೂ ಮನೆಯಲ್ಲಿ ಆಡಗೊಡಲಿಲ್ಲವಂತೆ. "ಹಸಿದು ಸಾಯೋದನ್ನ ನೀವು ನೋಡಿಲ್ಲ" ಎಂದಷ್ಟೇ ಹೇಳಿ ಎದ್ದುಹೋಗುತ್ತಿದ್ದರಂತೆ. ಮಂಡ್ಯದ ಸೀಮೆಯ ಮನೆಗಳಲ್ಲಿ ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಇಂದಿಗೂ ಹೂವು ಮುಡಿಸುತ್ತಾರೆ. ಅದು ಸರಿಯೇ. ಬರವನ್ನು ನೆನೆದರೆ ತಾತನ ಲೆಕ್ಕ ತಪ್ಪಲ್ಲವೆಂದು ನನಗೂ ತೋರುತ್ತದೆ. ಆದರೆ ಆ ಲೆಕ್ಕದಲ್ಲಿ ಆ ಇಬ್ಬರು ಮಕ್ಕಳ ಪಾಲೂ ಇತ್ತೆಂಬುದನ್ನು ನಾವು ಮರೆತುಬಿಟ್ಟಿದ್ದೇವೆ.

ಮೈಸೂರು ಸರ್ಕಾರ ಕೈಕಟ್ಟಿ ಕುಳಿತಿರಲಿಲ್ಲ. ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ 1920ರ ದಶಕದ ಕೊನೆಯಿಂದಲೇ ಸಂಸ್ಥಾನದಲ್ಲಿ ಮಲೇರಿಯಾದ ಅಧ್ಯಯನ ನಡೆದಿತ್ತು. ಮಲೆನಾಡಿನ ಮೂಡಿಗೆರೆಯಲ್ಲಿ, ವಾಣಿವಿಲಾಸ ಸಾಗರದ ನೀರು ಹರಿಯುವ ಹಿರಿಯೂರಿನಲ್ಲಿ ಕೇಂದ್ರಗಳಿದ್ದವು. ನಿಂತ ನೀರಿನ ಮೇಲೆ ಪ್ಯಾರಿಸ್ ಗ್ರೀನ್ ಎಂಬ ಹಸಿರು ಪುಡಿಯನ್ನು ತೂರುವುದು ಅಂದಿನ ಕ್ರಮ. 1928ರಲ್ಲಿ ಸೊಳ್ಳೆಮರಿಗಳನ್ನು ತಿನ್ನುವ ಗಂಬೂಸಿಯಾ ಎಂಬ ಪುಟ್ಟ ಮೀನನ್ನು ಇಟಲಿಯಿಂದ ನಮ್ಮ ದೇಶಕ್ಕೆ ತರಲಾಯಿತು. ಯುದ್ಧ ಮುಗಿದ ಮೇಲೆ ಡಿಡಿಟಿ ಬಂದು, ಮನೆಯ ಗೋಡೆಗಳಿಗೆ ಸಿಂಪಡಿಸಿದಾಗ, ಗೋಡೆಯ ಮೇಲೆ ಕುಳಿತು ಅಭ್ಯಾಸವಿದ್ದ ಈ ಸೊಳ್ಳೆ ಸೋತಿತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾದಾಗ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನಕ್ಕೆ ಮಲೇರಿಯಾ ಬರುತ್ತಿತ್ತು, 8 ಲಕ್ಷ ಜನ ಸಾಯುತ್ತಿದ್ದರು ಎಂದು ಅಂದಾಜು. 1961ರ ವೇಳೆಗೆ ದಾಖಲಾದ ಜ್ವರಗಳು 50 ಸಾವಿರಕ್ಕೂ ಕಡಿಮೆ. 1976ರಲ್ಲಿ ಮತ್ತೆ 64 ಲಕ್ಷ. ಸೊಳ್ಳೆ ಡಿಡಿಟಿಯನ್ನು ತಾಳಿಕೊಳ್ಳಲು ಕಲಿತಿತ್ತು, ಮನುಷ್ಯನು ಮೈಮರೆತಿದ್ದನು.

ಮಲೆನಾಡಿನ ನೆಂಟರು ತಮ್ಮನ್ನು ಬಿಟ್ಟನೆಂದು ಬೇಸರಿಸಬಾರದು. ಕಾಫಿಯ ತೋಟಕ್ಕೆಂದು ಘಟ್ಟ ಹತ್ತಿದ ಆಳುಗಳ, ದೊರೆಗಳ ಮಲೆಜ್ವರದ ಕಥೆಯೇ ಬೇರೊಂದು ಲೇಖನವಾಗಬೇಕು. ಒಂದನ್ನು ಮಾತ್ರ ಇಲ್ಲಿ ಹೇಳುತ್ತೇನೆ. 1957ರ ಮಾರ್ಚಿಯಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಹಳ್ಳಿಗರಿಗೆ ಹಿಂದೆಂದೂ ಕಾಣದ ಜ್ವರ ಬಂದಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಅದು ಉಣುಗುಗಳಿಂದ ಹರಡುವ ಹೊಸ ವೈರಸ್ಸೆಂದು ಗುರುತಿಸಿದರು. ಕಾಡು ಕಡಿದು ಹೊಲ ಮಾಡಿದಂತೆ, ಕಾಡಂಚಿನಲ್ಲಿ ದನ ಮೇಯಿಸಿದಂತೆ ಉಣುಗುಗಳಿಗೆ ರಕ್ತ ಹೇರಳವಾಯಿತು, ಅವುಗಳ ಸಂಖ್ಯೆ ಬೆಳೆಯಿತು ಎಂಬುದು ವಿಜ್ಞಾನಿಗಳ ಅಭಿಪ್ರಾಯ. ಮಂಗನ ಕಾಯಿಲೆ ಎಂದು ಹೆಸರು ಮಂಗಕ್ಕೆ ಅಂಟಿತು. ಪಾಪ, ಅದೂ ನಮ್ಮ ಹಾಗೆಯೇ ಆ ಕಾಯಿಲೆಯಿಂದ ಸತ್ತದ್ದು.

ಅದೇ 1957ರಲ್ಲಿ ನಾವು ರಾಜಾಜಿನಗರದ ಅಂಚಿಗೆ ಬಂದೆವು. ನನಗೆ ಆಗ ಎಂಟು ವರ್ಷ. ತಂದೆ ಯುದ್ಧಕ್ಕೆ ಮುಂಚೆಯೇ ಹಳ್ಳಿ ಬಿಟ್ಟು ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಸೇರಿಕೊಂಡಿದ್ದರು. 1941ರಲ್ಲಿ ಸುಮಾರು 4 ಲಕ್ಷವಿದ್ದ ಬೆಂಗಳೂರಿನ ಜನಸಂಖ್ಯೆ 1951ಕ್ಕೆ ಎಂಟು ಲಕ್ಷದ ಹತ್ತಿರ ಬಂದಿತ್ತು. ಬಂದವರಿಗೆಲ್ಲ ಮನೆ ಬೇಕಿತ್ತು. ರಾಜಗೋಪಾಲಾಚಾರಿಯವರ ಹೆಸರಿನಲ್ಲಿ 1949ರಲ್ಲಿ ಕೈಗಾರಿಕಾ ಉಪನಗರವಾಗಿ ಆರಂಭವಾದ ರಾಜಾಜಿನಗರ, ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಶಿವನಹಳ್ಳಿಗಳ ಹೊಲಗಳ ನಡುವೆ ಬೆಳೆಯುತ್ತಿತ್ತು. ಇಂದು ವಿಜಯನಗರ, ಬಸವೇಶ್ವರನಗರ ಎಂದು ಕರೆಯುವ ಕಡೆಗಳಲ್ಲಿ ಆಗ ರಾಗಿಯ ಹೊಲ, ಜಾಲಿಯ ಪೊದೆ. ನಮ್ಮ ನಿವೇಶನವಿದ್ದದ್ದು ಬಡಾವಣೆ ಮುಗಿದು ಹಳ್ಳಿ ಶುರುವಾಗುವ ಕಡೆ. ವಿದ್ಯುತ್ತಿರಲಿಲ್ಲ, ಒಳಚರಂಡಿ ನಮ್ಮ ಬೀದಿಯನ್ನು ಇನ್ನೂ ತಲುಪಿರಲಿಲ್ಲ, ನಲ್ಲಿಯೂ ಇರಲಿಲ್ಲ. ತಿಪ್ಪಗೊಂಡನಹಳ್ಳಿಯ ನೀರು 1933ರಿಂದಲೂ ಪಶ್ಚಿಮದ ಕಡೆಯಿಂದಲೇ ಪೇಟೆಗೆ ಹೋಗುತ್ತಿತ್ತು. ನಮಗೆ ಅದು ಪೇಟೆಯ ನೀರು. ಗೃಹಪ್ರವೇಶದ ದಿನ ಅಜ್ಜಿ ಹೊಸ್ತಿಲು ದಾಟಿದೊಡನೆ ದೇವರ ದೀಪ ನೋಡುವ ಮೊದಲು ಕತ್ತೆತ್ತಿ ಸೂರನ್ನು ನೋಡಿದಳು. ಯಾವ ಮನೆಗೆ ಹೋದರೂ ಅವಳ ಕಣ್ಣು ಮೊದಲು ಹೋಗುತ್ತಿದ್ದುದು ಅಲ್ಲಿಗೇ.

ತಂದೆ ಬಾವಿ ತೆಗೆಸಿದರು. 28 ಅಡಿಗೆ ನೀರು ಬಂದಿತು. ಗಂಗಮ್ಮನ ಪೂಜೆ ಮಾಡಿ, ಬೀದಿಗೆಲ್ಲ ಚರ್ಪು ಹಂಚಿದರು. ಆ ಬೀದಿಯ ಮೊದಲ ಬಾವಿ ನಮ್ಮದು. ಐದಾರು ಮನೆಯವರು ಬಂದು ಸೇದಿಕೊಂಡು ಹೋಗುತ್ತಿದ್ದರು. ನೀರಿಲ್ಲದ ಸೀಮೆಯಲ್ಲಿ ಹುಟ್ಟಿದ ತಂದೆಗೆ ಅದು ಎಂತಹ ಹೆಮ್ಮೆಯಾಗಿತ್ತೆಂದರೆ, ಸಂಜೆ ಕಾರ್ಖಾನೆಯಿಂದ ಬಂದವರು ಕಾಫಿ ಕುಡಿಯುವ ಮೊದಲು ಒಮ್ಮೆ ಬಾವಿಗೆ ಇಣುಕಿ ನೋಡಿ ಬರುತ್ತಿದ್ದರು.

ಹಿತ್ತಲಿನಲ್ಲಿ ಗುಂಡಿಯ ಕಕ್ಕಸು. ಪಕ್ಕದ ಮನೆಯವರದೂ ಗೋಡೆಯಾಚೆ. ಇಲ್ಲಿ ನನ್ನ ಗಣಿತದ ವಿದ್ಯಾರ್ಥಿಗಳಿಗೆ (ಕೆಳಗಿನ ತರಗತಿಗಳಿಗೆ ಗಣಿತವನ್ನೂ ಹೇಳುತ್ತಿದ್ದೆನಲ್ಲ) ಒಂದು ಲೆಕ್ಕ. ಕುಡಿಯುವ ನೀರಿನ ಬಾವಿಗೂ ಮಲದ ಗುಂಡಿಗೂ ಕನಿಷ್ಠ 50 ಅಡಿ ಅಂತರವಿರಬೇಕೆಂದು ಆರೋಗ್ಯಶಾಸ್ತ್ರದ ಪಾಠ. ನಮ್ಮದು ಬೆಂಗಳೂರಿನ ಎಲ್ಲರಿಗೂ ಪರಿಚಿತವಾದ 30 ಅಡಿ 40 ಅಡಿಯ ನಿವೇಶನ. ಅದರ ಕರ್ಣ ಎಷ್ಟು? 30ರ ವರ್ಗ 900, 40ರ ವರ್ಗ 1600, ಕೂಡಿದರೆ 2500, ವರ್ಗಮೂಲ 50. ಎಂದರೆ ಬಾವಿಯನ್ನು ಒಂದು ಮೂಲೆಯ ತುದಿಯಲ್ಲೂ ಗುಂಡಿಯನ್ನು ಎದುರು ಮೂಲೆಯ ತುದಿಯಲ್ಲೂ ತೋಡಿದರೆ ಮಾತ್ರ ನಿಯಮ ಪಾಲನೆಯಾಗುತ್ತದೆ. ಆಗಲೂ ಆ ಮೂಲೆಯ ಬಾವಿಗೆ ಪಕ್ಕದ ನಿವೇಶನದ ಗುಂಡಿ ಹತ್ತಿರವಾಗುತ್ತದೆ. ಬಾವಿಯೂ ಗುಂಡಿಯೂ ಎರಡೂ ಇರುವ 30-40ರ ಬೀದಿಯಲ್ಲಿ ನಿರ್ಮಲವಾದ ನೀರು ದೊರೆಯುವುದು ರೇಖಾಗಣಿತದ ಪ್ರಕಾರವೇ ಕಷ್ಟ. ಇದನ್ನು ನಾನು ಕಂಡುಕೊಂಡದ್ದು ನಿವೃತ್ತಿಯಾದ ಮೇಲೆ.

1958ರ ಶ್ರಾವಣದಲ್ಲಿ ನನ್ನ ತಮ್ಮನಿಗೆ ಜ್ವರ ಬಂದಿತು. ಅವನಿಗೆ ಆರು ವರ್ಷ. ಮನೆಯಲ್ಲಿ ಪುಟ್ಟ ಎಂದೇ ಕರೆಯುತ್ತಿದ್ದೆವು. ಮಳೆಯಲ್ಲಿ ನೆನೆದದ್ದಕ್ಕೆ ಬಂದ ಜ್ವರವೆಂದು ಅಜ್ಜಿ ಮೆಣಸು ಶುಂಠಿಯ ಕಷಾಯ ಕುಡಿಸಿದಳು. ಅದು ದಿನದಿನಕ್ಕೆ ಮೆಟ್ಟಿಲು ಹತ್ತಿದ ಹಾಗೆ ಏರಿತು. ಲಂಘನವೇ ಪರಮೌಷಧವೆಂದು ಅನ್ನ ನಿಲ್ಲಿಸಿದರು. ಎರಡನೆಯ ವಾರ ವೈದ್ಯರು ನೋಡಿ ವಿಷಮಶೀತ ಜ್ವರ, ಟೈಫಾಯಿಡ್ ಎಂದರು. ಕ್ಲೋರೋಮೈಸೆಟಿನ್ ಎಂಬ ಮಾತ್ರೆ ಬಂದು ಆಗ ಹತ್ತು ವರ್ಷವಾಗಿತ್ತು; ತಂದೆ ಸಾಲ ಮಾಡಿ ತಂದರು. ಬೀದಿಯಲ್ಲಿ ಇನ್ನೂ ಇಬ್ಬರು ಮಕ್ಕಳಿಗೆ ಅದೇ ಜ್ವರ. ಅವರೂ ನಮ್ಮ ಬಾವಿಯ ನೀರು ಕುಡಿಯುತ್ತಿದ್ದವರು.

ಮೂರನೆಯ ವಾರ ಜ್ವರ ಇಳಿಯಿತು. ಪುಟ್ಟ ಎದ್ದು ಕುಳಿತ. ಗೌರಿ ಗಣೇಶನ ಹಬ್ಬ ಬಂದಿತು. ಒಲೆಯ ಮೇಲೆ ಕಡುಬು ಬೇಯುತ್ತಿದ್ದ ವಾಸನೆಗೆ ಅವನು "ಅಮ್ಮಾ, ಒಂದೇ ಒಂದು" ಎಂದು ಕೇಳಿದ. ಗಂಜಿಯ ಹೊರತು ಏನನ್ನೂ ಕೊಡಬಾರದೆಂದು ಹೇಳಿದ್ದರು. ಅಮ್ಮ ಆಗದೆಂದಳು. ಅವನು ಅಳಲಿಲ್ಲ, ಗೋಡೆಯ ಕಡೆ ತಿರುಗಿ ಮಲಗಿದ. ಅಮ್ಮ ತಡೆಯಲಾರದೆ ಅರ್ಧ ಕಡುಬನ್ನು ಮುರಿದು ಬಾಯಿಗಿಟ್ಟಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಮರುದಿನ ರಾತ್ರಿ ಹೊಟ್ಟೆನೋವು ಆರಂಭವಾಯಿತು. ಹೊಟ್ಟೆ ಹಲಗೆಯ ಹಾಗೆ ಬಿಗಿಯಿತು. ಜಟಕಾ ಗಾಡಿಯಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಬೆಳಗಿನ ಜಾವ ತಂದೆ ಒಬ್ಬರೇ ಹಿಂದಿರುಗಿ ಬಂದರು.

ಕಡುಬಿನಿಂದ ಸತ್ತ ಎಂದರು ಎಲ್ಲರೂ. ಅಮ್ಮನೆದುರಿಗೇ ಅಂದವರಿದ್ದಾರೆ. ಅಮ್ಮ 1989ರಲ್ಲಿ ತೀರಿಕೊಂಡಳು. ಆ 31 ವರ್ಷಗಳಲ್ಲಿ ಒಮ್ಮೆಯೂ ಕಡುಬು ಮಾಡಲಿಲ್ಲ. ಗಣೇಶನಿಗೆ ಕಡಲೆಕಾಳಿನ ಉಸಲಿಯನ್ನೇ ನೈವೇದ್ಯವಿಡುತ್ತಿದ್ದಳು. ಏಕೆಂದು ಸೊಸೆಯಂದಿರು ಕೇಳಲಿಲ್ಲ, ಅವರಿಗೆ ಯಾರೋ ಹೇಳಿರುತ್ತಿದ್ದರು.

1996ರಲ್ಲಿ ನನ್ನ ವಿದ್ಯಾರ್ಥಿಯಾಗಿದ್ದು ವೈದ್ಯನಾದವನೊಬ್ಬನು ಮನೆಗೆ ಬಂದಿದ್ದನು. ಮಾತಿಗೆ ಮಾತು ಬಂದು ನಾನು ಈ ಕಥೆಯನ್ನು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾರ್, ಟೈಫಾಯಿಡ್‌ನಲ್ಲಿ ಕರುಳಿನ ಗೋಡೆಯಲ್ಲಿ ಹುಣ್ಣಾಗುತ್ತೆ. ಸಾಮಾನ್ಯವಾಗಿ ಮೂರನೇ ವಾರದಲ್ಲಿ ಆ ಹುಣ್ಣು ಒಡೆದು ತೂತು ಬೀಳೋ ಅಪಾಯ ಹೆಚ್ಚು. ಅದು ರೋಗದ ಸ್ವಭಾವ. ಅರ್ಧ ಕಡುಬಿನಿಂದ ಆಗೋದಲ್ಲ. ಕೊಡದೆ ಇದ್ದಿದ್ರೂ ಆಗ್ತಿತ್ತು" ಎಂದನು. ಅಷ್ಟೇ ಅಲ್ಲ, ರೋಗಿಯನ್ನು ಉಪವಾಸ ಕೆಡವಿ ನಿತ್ರಾಣಗೊಳಿಸುವ ಹಳೆಯ ಪದ್ಧತಿಯನ್ನು ಈಗ ಯಾರೂ ಒಪ್ಪುವುದಿಲ್ಲವೆಂದೂ ಹೇಳಿದನು. ಅಮ್ಮ ತೀರಿಕೊಂಡು ಆಗ ಏಳು ವರ್ಷವಾಗಿತ್ತು.

ನಮ್ಮ ಬಂಧುವರ್ಗದಲ್ಲಿ ಈಗಲೂ ಮದುವೆ ಮುಂಜಿಗಳಲ್ಲಿ ಕುಳಿತು ಆ ಕಡುಬಿನ ಮಾತನ್ನೆತ್ತುವ ಹಿರಿಯರಿದ್ದಾರೆ. ಅವರ ಬಾಯಿಂದ ಕೇಳಿ ಕಿರಿಯರೂ ಕಲಿತಿದ್ದಾರೆ. ಈ ಲೇಖನವನ್ನು ಬರೆಯಲು ಕುಳಿತದ್ದಕ್ಕೆ ಅದೇ ನಿಜವಾದ ಕಾರಣ. ಪುಟ್ಟ ಸತ್ತದ್ದು ಟೈಫಾಯಿಡ್‌ನಿಂದ, ಆ ರೋಗ ಬಂದದ್ದು ಬಹುಮಟ್ಟಿಗೆ ನೀರಿನಿಂದ. ಕಡುಬಿನಿಂದಲ್ಲ, ಅಮ್ಮನಿಂದಲ್ಲ.

ಹಾಗಾದರೆ ತಂದೆಯಿಂದಲೇ ಎಂದು ಯಾರಾದರೂ ಕೇಳಬಹುದು. ತಂದೆ ಬಾವಿಯ ವಿಷಯವಾಗಿ ಕಡೆಯವರೆಗೂ ಏನೂ ಹೇಳಲಿಲ್ಲ. ಪುಟ್ಟನ ಹದಿಮೂರನೆಯ ದಿನದ ಕಾರ್ಯ ಮುಗಿದ ಸಂಜೆ ನಾನು ಹಿತ್ತಲಿಗೆ ಹೋದಾಗ ಅವರು ಬಾವಿಯ ಕಟ್ಟೆಯಿಂದ ಗುಂಡಿಯವರೆಗೆ ಗೋಣಿದಾರವನ್ನು ಹಿಡಿದು ಅಳೆಯುತ್ತಿದ್ದರು. "ಆ ತುದಿ ಹಿಡ್ಕೊಳೋ" ಎಂದರು, ಹಿಡಿದೆ. ದಾರಕ್ಕೆ ಗಂಟು ಹಾಕಿ ಒಳಗೆ ತಂದು ಅಡಿಕಡ್ಡಿಯಿಂದ ಅಳೆದರು. 18 ಅಡಿ. ಮರುದಿನದಿಂದ ಮನೆಯಲ್ಲಿ ನೀರು ಕಾಯಿಸಿ ಕುಡಿಯುವ ನಿಯಮವಾಯಿತು. ಸೇದಲು ಬಂದವರಿಗೂ ಕಾಯಿಸಿ ಕುಡಿಯಿರೆಂದು ತಂದೆ ತಾವೇ ನಿಂತು ಹೇಳುತ್ತಿದ್ದರು. ಅವರು ಮಾಡಿದ್ದು ಆ ಕಾಲದಲ್ಲಿ ಹೊಸ ಜಾಗಕ್ಕೆ ಬಂದ ಸಂಸಾರಿಯೊಬ್ಬ ಮಾಡಬೇಕಾದದ್ದನ್ನೇ. ತಾತ ನಾಲೆಗೆ ಕುಂಕುಮ ಹಾಕಿದರು, ಇವರು ಗಂಗಮ್ಮನ ಪೂಜೆ ಮಾಡಿದರು, ನನ್ನ ಅಳಿಯ ಟ್ಯಾಂಕರಿನ ನೀರು ತುಂಬಿಸಿಡಲು ಹತ್ತು ಸಾವಿರ ಲೀಟರಿನ ಸಂಪು ಕಟ್ಟಿಸಿದ.

ಸಂಪಿನ ಕಥೆ ಚಿಕ್ಕದು. ಕಾವೇರಿಯ ನೀರು ಬೆಂಗಳೂರಿಗೆ 1974ರಲ್ಲಿ ಬಂದಿತು. ಆದರೆ ನಗರ ಅದಕ್ಕಿಂತ ವೇಗವಾಗಿ ಹೊರಕ್ಕೆ ಬೆಳೆಯುತ್ತಿದೆ. ದಿನವೂ ನಲ್ಲಿ ಬರದ ಕಡೆ ಜನ ನೀರನ್ನು ಕೂಡಿಡಲೇಬೇಕು. ಡೆಂಗಿಯ ಸೊಳ್ಳೆ ಈಡಿಸ್ ಈಜಿಪ್ಟೈ ಹಗಲು ಕಚ್ಚುವುದು, ಮನೆಯ ಆಸುಪಾಸಿನಲ್ಲಿ ಕೂಡಿಟ್ಟ ನೀರಿನಲ್ಲಿಯೇ ಮೊಟ್ಟೆಯಿಡುವುದು. ಮೊಟ್ಟೆ ಮರಿಯಾಗಿ ಹಾರಲು ಎಂಟು ಹತ್ತು ದಿನ ಸಾಕು. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಗೊಟ್ಟ ಮನೆಯವರಿಗೆ ದಂಡ ವಿಧಿಸುವ ನಿಯಮ ಮಾಡಿತು. ಅಳಿಯನಿಗೆ ಈಗ ವಾರಕ್ಕೊಮ್ಮೆ ಸಂಪಿನ ಮುಚ್ಚಳ ಪರೀಕ್ಷಿಸುವ ಕೆಲಸ. ಮುಚ್ಚಳದ ಅಂಚಿನಲ್ಲಿ ಬೆರಳು ತೂರುವಷ್ಟು ಸಂದು ಇತ್ತು. ಹಳೆಯ ಸೈಕಲ್ ಟ್ಯೂಬನ್ನು ಸೀಳಿ ಅದಕ್ಕೆ ಅಂಟಿಸಿಕೊಟ್ಟವನು ನಾನೇ.

ರಾಜಾಜಿನಗರದ ಮನೆಯನ್ನು ನಾವು ಇನ್ನೂ ಮಾರಿಲ್ಲ. ಒಳಚರಂಡಿ ಬಂದ ಮೇಲೆ ಗುಂಡಿಯನ್ನು ಮುಚ್ಚಿದೆವು. ಬಾವಿಯ ಮೇಲೆ ಚಪ್ಪಡಿ ಹಾಸಿ ತುಳಸಿಯ ಕುಂಡ ಇಟ್ಟಿದ್ದೇವೆ. 2024ರ ಗೌರಿ ಹಬ್ಬಕ್ಕೆ ಮಗಳು ಮೊಮ್ಮಗಳೊಡನೆ ಅಲ್ಲಿಗೆ ಬಂದಿದ್ದಳು. ಬರುವ ಮುಂಚೆಯೇ ನಾನು ದೂರವಾಣಿ ಮಾಡಿ, ಈ ಸಲ ಕಡುಬು ಆಗಬೇಕೆಂದು ಹೇಳಿದ್ದೆ. ಆ ಮನೆಯ ಒಲೆಯ ಮೇಲೆ ಕಡುಬು ಬೆಂದು 66 ವರ್ಷವಾಗಿತ್ತು. ಹೂರಣಕ್ಕೆ ಬೆಲ್ಲ ಸ್ವಲ್ಪ ಹೆಚ್ಚಾಗಿತ್ತು. ಮಗು ನಾಲ್ಕು ತಿಂದಿತು.